ಯಾರ ಹನ್ನೊಂದು ಗಂಟೆ?

"ಹೆಂಡತಿ ಎಷ್ಟು ಗಂಟೆಗೆ ಏಳ್ತಾಳೆ?" ಬೆಲೆಟು ಸೌಟು ಎತ್ತಿ ಹಿಡಿದು ಕೇಳಿದಳು.

"ಹನ್ನೊಂದಕ್ಕೆ," ಎಂದ ವೆಂಡೆಲ್.

"ನೀನು ಕೆಲಸದಿಂದ ಮನೆಗೆ ಬರೋದು?"

"ಹನ್ನೆರಡಕ್ಕೆ."

"ರಾತ್ರಿ ಊಟ?"

"ಒಂದೂವರೆಗೆ."

"ಸರಿ. ನಿನ್ನ ಬಸ್ಸು ಹೊರಡೋದು?"

"ಒಂಬತ್ತೂ ಹತ್ತಕ್ಕೆ."

ಸೌಟು ಮೇಜಿನ ಮೇಲೆ ಟಪ್ಪೆಂದು ಬಿತ್ತು. "ಮೂರೂ ಹತ್ತು ಅನ್ನು."

"ಎತ್ಯೆ, ಬಸ್ಸು ಸರ್ಕಾರದ್ದು. ಮೂರೂ ಹತ್ತಕ್ಕೆ ಅಂತ ಹೊರಡಿಸಿದ್ರೆ ನನ್ನನ್ನೂ ಹೊರಡಿಸ್ತಾರೆ."

"ಹಾಳಾಗ್ಲಿ, ಬಸ್ಸೊಂದು ಬಿಟ್ಟಿದೀನಿ. ಮುಂದೆ."

ಹೊರಗಿನವರು ಕೇಳಿದ್ದರೆ, ಹನ್ನೊಂದಕ್ಕೆ ಏಳುವ ಹೆಂಡತಿ, ನಡುರಾತ್ರಿ ಮನೆ ಸೇರುವ ಗಂಡ, ಇದೆಂಥ ಸಂಸಾರವಪ್ಪಾ ಎಂದು ಮೂಗಿನ ಮೇಲೆ ಬೆರಳಿಡುತ್ತಿದ್ದರು. ಆದರೆ ಅಮೆರಿಕದ ಸಿಲ್ವರ್ ಸ್ಪ್ರಿಂಗಿನ ಆ ಬೀದಿಯ ಇಥಿಯೋಪಿಯಾದವರಿಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಅವರ ಗಂಟೆ ಶುರುವಾಗುವುದು ಸೂರ್ಯ ಹುಟ್ಟಿದ ಮೇಲೆ. ಬೆಳಕು ಹರಿದು ಒಂದು ಗಂಟೆಯಾದರೆ ಒಂದು, ಎರಡು ಗಂಟೆಯಾದರೆ ಎರಡು. ಅಮೆರಿಕದ ಏಳು ಅವರಿಗೆ ಒಂದು. ಅಮೆರಿಕದ ಮಧ್ಯಾಹ್ನ ಹನ್ನೆರಡು ಅವರಿಗೆ ಆರು. ಸಂಜೆ ಕತ್ತಲಾದ ಮೇಲೆ ಮತ್ತೆ ಒಂದರಿಂದ ಎಣಿಕೆ. ಹಾಗಾಗಿ ಬೆಳಗಿನ ಜಾವ ಐದಕ್ಕೆ ಏಳುವ ವೆಂಡೆಲ್‌ನ ಹೆಂಡತಿ ಯೆಶಿ ಅವರ ಲೆಕ್ಕದಲ್ಲಿ ರಾತ್ರಿ ಹನ್ನೊಂದಕ್ಕೆ ಏಳುವವಳು. ದಿನ ಹುಟ್ಟುವುದು ಬೆಳಿಗ್ಗೆಯಾದರೆ ನಡುರಾತ್ರಿಯಿಂದ ಯಾಕೆ ಎಣಿಸಬೇಕು, ಈ ಅಮೆರಿಕದವರಿಗೆ ನಿದ್ದೆ ಬರೋದಿಲ್ಲವೇ ಎನ್ನುವುದು ಬೆಲೆಟುವಿನ ಹಳೆಯ ತಕರಾರು.

ಬೆಲೆಟು ಯೆಶಿಯ ಚಿಕ್ಕಮ್ಮ, ವೆಂಡೆಲ್‌ಗೆ ಎತ್ಯೆ, ಅಂದರೆ ಅವರ ಭಾಷೆಯಲ್ಲಿ ಅಕ್ಕ. ಹೋಟೆಲು ಅವಳದು. ಯೆಶಿ ಬೆಳಗಿನ ಜಾವವೇ ಬಂದು ಹುಳಿ ಹಿಟ್ಟನ್ನು ದೊಡ್ಡ ಕಾವಲಿಯ ಮೇಲೆ ಸುತ್ತಿ ಸುರಿದು ದೋಸೆಯಂಥ ಇನ್ನೂರು ಇಂಜೆರಾ ಬೇಯಿಸುತ್ತಾಳೆ. ವೆಂಡೆಲ್ ಈ ಊರಲ್ಲೇ ಹುಟ್ಟಿದವನು, ಕರಿಯ ಅಮೆರಿಕನ್, ಬಸ್ಸಿನ ಡ್ರೈವರ್, ಯೆಶಿಯ ಗಂಡ. ಮಧ್ಯಾಹ್ನದ ಊಟದವರು ಹೋಗಿ ಸಂಜೆಯವರು ಬರುವ ತನಕ ಹೋಟೆಲಿನ ಮೂಲೆಯ ಮೇಜು ಆರು ವಾರದಿಂದ ಕಚೇರಿಯಾಗಿತ್ತು. ಅಧಿಕಾರಿ ಬೆಲೆಟು. ವೆಂಡೆಲ್‌ನ ರಜೆಯ ದಿನಗಳಲ್ಲೆಲ್ಲ ಅವನನ್ನು ಕೂರಿಸಿಕೊಂಡು ಅದೇ ಗಿಣಿಪಾಠ.

ಈ ಪಾಠ ಬೇಕಾದದ್ದಕ್ಕೆ ಕಾರಣ ಯೆಶಿಯ ಉಸಿರು. ಗ್ರೀನ್ ಕಾರ್ಡಿನ ಮೊದಲ ಸಂದರ್ಶನ ವಸಂತದಲ್ಲೇ ಆಗಿತ್ತು. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಅಧಿಕಾರಿ ಕೇಳಿದ್ದ: "ಇಬ್ಬರೂ ಒಂದೇ ಮನೇಲಿ ಇದ್ದೀರಾ?" ಯೆಶಿ ಬಾಯಿ ತುಸು ತೆರೆದು ಉಸಿರನ್ನು ಸರಕ್ಕನೆ ಒಳಗೆಳೆದುಕೊಂಡಳು. ಅವಳ ಊರಲ್ಲಿ ಹಾಗೆಳೆದರೆ ಹೌದು ಎಂದರ್ಥ. ಬಾಯಿಬಿಟ್ಟು ಹೇಳುವುದಕ್ಕಿಂತ ಅದೇ ಹೆಚ್ಚು ಗಟ್ಟಿಯಾದ ಹೌದು. ಅಧಿಕಾರಿಗೆ ಅದು ಬೆಚ್ಚಿಬಿದ್ದ ಹೆಣ್ಣಿನ ಏದುಸಿರಾಗಿ ಕೇಳಿಸಿತು. "ಇಷ್ಟಪಟ್ಟೇ ಮದುವೆ ಆದ್ರಾ?" ಮತ್ತೆ ಉಸಿರು. "ಯಾರಾದರೂ ನಿಮಗೆ ಹೀಗೇ ಹೇಳಬೇಕು ಅಂತ ಹೇಳಿಕೊಟ್ಟಿದ್ದಾರಾ?" ಈ ಪ್ರಶ್ನೆ ಅವಳಿಗೆ ಪೂರ್ತಿ ಅರ್ಥವಾಗಲಿಲ್ಲ, ಆದರೂ ಮರ್ಯಾದೆಗೆ ಇನ್ನೊಂದು ಸಲ ಉಸಿರೆಳೆದಳು. ಅಧಿಕಾರಿ ಬಹಳ ಹೊತ್ತು ಬರೆದ.

ಆಮೇಲೆ ಕಾಗದ ಬಂತು. ಎರಡನೇ ಸಂದರ್ಶನ. ಈ ಸಲ ಬೇರೆ ಬೇರೆ ಕರೆದು ಇಬ್ಬರಿಗೂ ಅದದೇ ಪ್ರಶ್ನೆ ಕೇಳುತ್ತಾರೆ, ಉತ್ತರ ತಾಳೆಯಾಗದಿದ್ದರೆ ಮದುವೆಯೇ ಸುಳ್ಳೆಂದು ಅರ್ಜಿ ತಿರಸ್ಕರಿಸುತ್ತಾರೆ. ಹಾಗಾದರೆ ಯೆಶಿ ಗಂಡನನ್ನು ಬಿಟ್ಟು ಅಡಿಸ್ ಅಬಾಬಾದ ವಿಮಾನ ಹತ್ತಬೇಕು, ಮತ್ತೆ ಬರುವ ದಾರಿ ಮುಚ್ಚಿದ ಹಾಗೇ. ಅವಳಿಗೆ ಭಯವಾಗಿತ್ತು. ಆ ಕಾಗದ ಬಂದಾಗಿನಿಂದ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ.

"ನಿಂದೇನೂ ತಪ್ಪಿಲ್ಲ ಕಣೆ," ಎಂದು ಬೆಲೆಟು ಸಮಾಧಾನ ಹೇಳುವಳು, ಮರುಕ್ಷಣವೇ ಸೌಟಿನಿಂದ ತಿವಿಯುವಳು. "ಆದ್ರೆ ಇನ್ನೊಂದ್ಸಲ ಅಲ್ಲಿ ಉಸಿರೆಳೆದ್ರೆ ನಾನೇ ನಿನ್ನ ಉಸಿರು ನಿಲ್ಲಿಸ್ತೀನಿ. ಬಾಯಿಬಿಟ್ಟು ಹೌದು ಅನ್ನು."

"ಹೌದು."

"ಗಟ್ಟಿಯಾಗಿ."

"ಹೌದು ಚಿಕ್ಕಮ್ಮ."

"ಚಿಕ್ಕಮ್ಮ ಅಲ್ಲ, ಮೇಡಂ."

ಗಡಿಯಾರದ ಕಥೆಯೂ ಗಂಡ ಹೆಂಡತಿಯ ನಡುವೆ ಹಳೆಯದೇ. ಯೆಶಿ ಹೋಟೆಲಿನಿಂದ ಮನೆಗೆ ಹೋಗುತ್ತಿದ್ದುದು ವೆಂಡೆಲ್‌ನ ಬಸ್ಸಿನಲ್ಲಿ. ಒಂದು ವರ್ಷ ಬರೀ ನಮಸ್ಕಾರ, ಮುಗುಳ್ನಗೆ. ಕೊನೆಗೊಂದು ದಿನ ಅವಳೇ ಧೈರ್ಯ ಮಾಡಿ, "ಭಾನುವಾರ ಎರಡು ಗಂಟೆಗೆ ಚಿಕ್ಕಮ್ಮನ ಮನೆಗೆ ಕಾಫಿಗೆ ಬಾ" ಎಂದಿದ್ದಳು. ಆ ಭಾನುವಾರ ಬೆಳಿಗ್ಗೆ ಎಂಟಕ್ಕೆ, ಅಂದರೆ ಅವರ ಎರಡಕ್ಕೆ, ಬೆಲೆಟು ಹಸಿ ಬೀಜ ಹುರಿದು, ಕುಟ್ಟಿ, ಮೂರು ಸರದಿ ಕಾಫಿ ಬಗ್ಗಿಸಿದಳು. ಗಂಡಿನ ಸುಳಿವಿಲ್ಲ. ವೆಂಡೆಲ್ ಇಸ್ತ್ರಿ ಅಂಗಿ ತೊಟ್ಟು ಹೂ ಹಿಡಿದು ಬಂದದ್ದು ಮಧ್ಯಾಹ್ನ ಎರಡಕ್ಕೆ. ಬಾಗಿಲಲ್ಲೇ ಬೆಲೆಟು ಯೆಶಿಗೆ ತಮ್ಮ ಭಾಷೆಯಲ್ಲಿ ಹೇಳಿದಳು: "ಇವನ್ನ ಕಟ್ಕೊಂಡ್ರೆ ನಿನ್ನ ಮದುವೆಗೆ ಮಾರನೇ ದಿನ ಬರ್ತಾನೆ, ನೋಡ್ಕೋ."

ತಪ್ಪು ಎಲ್ಲಾಯಿತೆಂದು ತಿಳಿದಾಗ ವೆಂಡೆಲ್ ತಣ್ಣಗಾದ ಕಾಫಿಯನ್ನೇ ಕುಡಿದ. ಮದುವೆಯಾದ ಮೇಲೆ ಮನೆಗೆ ಎರಡು ಗೋಡೆ ಗಡಿಯಾರ ತಂದ. ಹೊರಕೋಣೆಯದು ಅವನದು, ಅಡುಗೆಮನೆಯದು ಅವಳದು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಗಾದೆಯೇ ಇದೆ. ಆ ಮನೆಯಲ್ಲಿ ಅತ್ತೆ ಇರಲಿಲ್ಲ, ಗಂಡನಿಗೊಂದು ಕಾಲ, ಹೆಂಡತಿಗೊಂದು ಕಾಲ. ಹೊರಕೋಣೆಯ ಗಡಿಯಾರದ ಬ್ಯಾಟರಿ ಎರಡನೇ ವರ್ಷಕ್ಕೆ ಮುಗಿಯಿತು. ಅದನ್ನು ಬದಲಿಸಬೇಕು ಎಂದು ಇಬ್ಬರಿಗೂ ಹೊಳೆಯಲೇ ಇಲ್ಲ.

ಸಂದರ್ಶನದ ವಾರ ಯೆಶಿ ಹಿಟ್ಟು ಸುರಿಯುತ್ತ ತನ್ನಷ್ಟಕ್ಕೆ ಇನ್ನೊಂದು ಪಾಠ ಮಾಡಿಕೊಂಡಳು. ಕೇಳುವವರು ಅಮೆರಿಕದವರು, ಅವರಿಗೆ ಅವರ ಗಂಟೆಯಲ್ಲೇ ಹೇಳಬೇಕು. ಹನ್ನೊಂದಕ್ಕೆ ಏಳುತ್ತೇನೆ ಎಂದರೆ ಸೋಮಾರಿ ಎಂದುಕೊಂಡಾರು. ಹನ್ನೊಂದು ಅಂದರೆ ಐದು. ಹನ್ನೆರಡು ಅಂದರೆ ಆರು. ಒಂದೂವರೆ ಅಂದರೆ ಏಳೂವರೆ. ಇದನ್ನು ವೆಂಡೆಲ್‌ಗೆ ಹೇಳಬೇಕೆಂದು ಅನ್ನಿಸಲೇ ಇಲ್ಲ. ಇಲ್ಲೇ ಹುಟ್ಟಿ ಬೆಳೆದವನು, ಮೀನಿಗೆ ಈಜು ಕಲಿಸುವವರುಂಟೇ ಎಂದುಕೊಂಡಳು. ಅತ್ತ ವೆಂಡೆಲ್, ಮೂವತ್ತು ಸಲ ಬೆಲೆಟುವಿನ ಬಾಯಲ್ಲಿ ಸರಿ ಎನ್ನಿಸಿಕೊಂಡ ಉತ್ತರಗಳನ್ನು ಹಾಗೇ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದ.

ಸಂದರ್ಶನದ ದಿನ ಅವರನ್ನು ಕರೆದವರು ಬೇರೆ ಅಧಿಕಾರಿ, ಮಿಸೆಸ್ ಲೊವೆಲ್. ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ, ನಗು ಕಾಣದ ಹೆಂಗಸು. ಮೊದಲು ಯೆಶಿಯನ್ನು ಒಳಗೆ ಕರೆದರು. ಹಾಸಿಗೆಯ ಯಾವ ಮಗ್ಗುಲು ಯಾರದು, ಅತ್ತೆಯ ಹೆಸರೇನು, ಸ್ನಾನದ ಮನೆಯ ಪರದೆ ಯಾವ ಬಣ್ಣ, ಏಳುವುದೆಷ್ಟಕ್ಕೆ, ಉಣ್ಣುವುದೆಷ್ಟಕ್ಕೆ. ಯೆಶಿ ಅಂಗೈಯನ್ನು ಉಗುರಿನಿಂದ ಚಿವುಟಿಕೊಳ್ಳುತ್ತ ಒಂದೊಂದಕ್ಕೂ ಬಾಯಿಬಿಟ್ಟು ಉತ್ತರ ಕೊಟ್ಟಳು. ಒಂದೇ ಒಂದು ಸಲವೂ ಉಸಿರೆಳೆಯಲಿಲ್ಲ. ಹೊರಗೆ ಬಂದು ಕೂತಾಗ ತನ್ನ ಬಗ್ಗೆ ತನಗೇ ಹೆಮ್ಮೆಯಾಯಿತು.

ವೆಂಡೆಲ್ ಒಳಗೆ ಹೋಗಿ ಮುಕ್ಕಾಲು ಗಂಟೆಯಾದ ಮೇಲೆ ಅವಳನ್ನೂ ಕರೆದರು. ಅವನ ಹಣೆಯ ಮೇಲೆ ಬೆವರಿತ್ತು.

"ಕೂತ್ಕೊಳ್ಳಿ," ಎಂದರು ಮಿಸೆಸ್ ಲೊವೆಲ್. "ಪರದೆ, ಹಾಸಿಗೆ, ಅತ್ತೆ ಎಲ್ಲ ಸರಿ ಇದೆ. ಅದನ್ನ ಯಾರು ಬೇಕಾದ್ರೂ ಬಾಯಿಪಾಠ ಮಾಡಬಹುದು. ಆದ್ರೆ ದಿನಾ ಒಟ್ಟಿಗೆ ಇರೋರಿಗೆ ಗೊತ್ತಿರಬೇಕಾದ್ದು ನಿಮಗೆ ಗೊತ್ತಿಲ್ಲ. ನೀವು ಐದಕ್ಕೆ ಏಳ್ತೀನಿ ಅಂದ್ರಿ. ನಿಮ್ಮ ಗಂಡ ಹನ್ನೊಂದು ಅಂತಾರೆ. ಅವರು ಆರಕ್ಕೆ ಮನೆಗೆ ಬರ್ತಾರೆ ಅಂದ್ರಿ. ಅವರು ಹನ್ನೆರಡು ಅಂತಾರೆ. ನೀವು ಊಟ ಏಳೂವರೆಗೆ ಅಂದ್ರಿ, ಅವರು ಒಂದೂವರೆ. ಇಷ್ಟು ವ್ಯತ್ಯಾಸ ಇಟ್ಕೊಂಡು ಒಂದೇ ಮನೇಲಿದ್ದೀವಿ ಅಂದ್ರೆ ನಾನು ಹೇಗೆ ನಂಬಲಿ?"

 ಮುಗಿಯಿತು ಎಂದುಕೊಂಡಳು ಯೆಶಿ. ಮೂರು ವರ್ಷ ಬಡಿಸಿದ ಊಟದ ಹೊತ್ತು ಈ ಮನುಷ್ಯನಿಗೆ ಗೊತ್ತಿಲ್ಲವೇ? ಅವಳಿಗೆ ಅವನ ಮೇಲೆ ಸಿಟ್ಟು ಬಂತು, ಅಳುವೂ ಬಂತು. ವಿಮಾನದ ಮೆಟ್ಟಿಲು ಕಣ್ಣ ಮುಂದೆ ಬಂತು. ಹನ್ನೊಂದಂತೆ. ಹನ್ನೆರಡಂತೆ. ಒಂದೂವರೆಯಂತೆ.

ಆಗ ಅವಳ ಬೆರಳುಗಳು ತಾವಾಗಿಯೇ ಎಣಿಸತೊಡಗಿದವು. ಐದು, ಹನ್ನೊಂದು. ಆರು, ಹನ್ನೆರಡು. ಅವಳು ತಿರುಗಿ ಗಂಡನ ಮುಖ ನೋಡಿದಳು. ಅವನಿಗಿನ್ನೂ ಏನೂ ಹೊಳೆದಿರಲಿಲ್ಲ, ಪರೀಕ್ಷೆಯಲ್ಲಿ ನಪಾಸಾದ ದೊಡ್ಡ ಹುಡುಗನ ಹಾಗೆ ತಲೆ ತಗ್ಗಿಸಿ ಕೂತಿದ್ದ. ಯೆಶಿಗೆ ನಗು ಬಂತು. ತಡೆದಳು, ತಡೆಯಲಾಗಲಿಲ್ಲ. ಆ ಕೋಣೆಯಲ್ಲಿ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

"ಇದರಲ್ಲಿ ನಗೋದೇನಿದೆ?" ಮಿಸೆಸ್ ಲೊವೆಲ್ ಕನ್ನಡಕ ಏರಿಸಿದರು.

"ಮೇಡಂ, ಅವನು ಹೇಳಿದ್ದೂ ಸರಿ. ಅವನು ನನ್ನ ಗಂಟೆ ಹೇಳಿದಾನೆ. ನಾನು ನಿಮ್ಮ ಗಂಟೆ ಹೇಳಿದೀನಿ." ಮಾತು ಸಲೀಸಾಗಿ ಬರತೊಡಗಿತು. "ನಮ್ಮ ಕಡೆ ಸೂರ್ಯ ಹುಟ್ಟಿದ ಮೇಲೆ ಗಂಟೆ ಎಣಿಸ್ತೀವಿ. ಆರು ಗಂಟೆ ಫರಕು. ಎಲ್ಲಾದಕ್ಕೂ ಆರೇ, ಬೇಕಾದ್ರೆ ಕಳೆದು ನೋಡಿ."

ವೆಂಡೆಲ್ ತಲೆಯೆತ್ತಿದ. "ನೀನು ಅವರ ಗಂಟೆ ಹೇಳಿದ್ಯಾ? ಯಾಕೆ?"

"ಅವರು ಅಮೆರಿಕದವರಲ್ವಾ. ನೀನ್ಯಾಕೋ ನನ್ನ ಗಂಟೆ ಹೇಳಿದ್ದು?"

"ಕೇಳಿದ್ದು ಮನೆ ವಿಷಯ ತಾನೇ? ಮನೇಲಿ ಇನ್ಯಾವ ಗಂಟೆ ಇದೆ?"

ಮಿಸೆಸ್ ಲೊವೆಲ್ ಪೆನ್ಸಿಲು ತೆಗೆದುಕೊಂಡು ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಒಂದೊಂದೇ ಕಳೆದರು. ಏಳುವ ಹೊತ್ತು ಸರಿಹೋಯಿತು, ಮನೆಗೆ ಬರುವುದು ಸರಿಹೋಯಿತು, ಊಟ ಸರಿಹೋಯಿತು, ಭಾನುವಾರದ ಕಾಫಿಯೂ ಸರಿಹೋಯಿತು. ಒಂದು ಸಾಲಿನ ಹತ್ತಿರ ಪೆನ್ಸಿಲು ನಿಂತಿತು.

"ಬಸ್ಸು ಹೊರಡೋದು ಒಂಬತ್ತೂ ಹತ್ತು ಅಂತ ಇಬ್ಬರೂ ಹೇಳಿದ್ದೀರಿ. ಇದಕ್ಕೆ ಮಾತ್ರ ಯಾಕೆ ಫರಕಿಲ್ಲ?"

ಯೆಶಿಗೆ ಉತ್ತರ ಗೊತ್ತಿತ್ತು, ಆದರೆ ಅವಳು ಬಾಯಿ ತೆರೆಯುವ ಮೊದಲೇ ವೆಂಡೆಲ್ ಹೇಳಿದ: "ಬಸ್ಸು ಸರ್ಕಾರದ್ದು ಮೇಡಂ. ಮನೆ ಇವಳದ್ದು."

 ಮಿಸೆಸ್ ಲೊವೆಲ್ ಪೆನ್ಸಿಲು ಕೆಳಗಿಟ್ಟರು.

"ಕೊನೇದೊಂದು ಪ್ರಶ್ನೆ," ಎಂದು ಅವನಿಗೇ ಕೇಳಿದರು. "ಈಕೆ ಜೊತೆ ಬಾಳಬೇಕು ಅಂತ ನಿಮಗೆ ನಿಜವಾಗ್ಲೂ ಇದೆಯಾ?"

ವೆಂಡೆಲ್ ಬಾಯಿ ತುಸು ತೆರೆದು ಉಸಿರನ್ನು ಸರಕ್ಕನೆ ಒಳಗೆಳೆದುಕೊಂಡ.

ಅಯ್ಯೋ, ಇವನಿಗೆ ಬೈಯುವುದನ್ನು ಚಿಕ್ಕಮ್ಮ ಮರೆತಳಲ್ಲ ಎಂದು ಯೆಶಿ ಕಣ್ಣು ಮುಚ್ಚಿಕೊಂಡಳು. ಮಿಸೆಸ್ ಲೊವೆಲ್ ಹಳೆಯ ಕಡತ ಎಳೆದು ಹಾಳೆ ಮಗುಚಿದರು. ಹೆಂಗಸು ಹೆದರಿದ್ದಾಳೆ, ಪ್ರತಿ ಪ್ರಶ್ನೆಗೂ ಏದುಸಿರು ಬಿಡುತ್ತಾಳೆ ಎಂದು ಅಲ್ಲಿ ಬರೆದಿತ್ತು. ಅದನ್ನೂ ಓದಿದರು, ಎದುರಿಗಿದ್ದ ಆರಡಿಯ ಬಸ್ ಡ್ರೈವರನ್ನೂ ನೋಡಿದರು.

"ಇದು?" ಎಂದು ತಾವೇ ಒಮ್ಮೆ ಉಸಿರೆಳೆದು ತೋರಿಸಿದರು.

"ಹೌದು ಅಂತ ಅರ್ಥ ಮೇಡಂ," ಎಂದಳು ಯೆಶಿ. "ಅವತ್ತೂ ನಾನು ಅದನ್ನೇ ಹೇಳಿದ್ದು. ಪ್ರತಿಯೊಂದಕ್ಕೂ."

ಆಗ ಮಿಸೆಸ್ ಲೊವೆಲ್ ನಕ್ಕರು. ಸಂದರ್ಶನಕ್ಕೆಂದು ಪರದೆಯ ಬಣ್ಣ ಕಲಿತು ಬಂದವರನ್ನು ಹದಿನೆಂಟು ವರ್ಷದಿಂದ ನೋಡಿದ್ದೇನೆ, ಉಸಿರು ಕಲಿತು ಬಂದವರನ್ನು ಇವತ್ತೇ ನೋಡಿದ್ದು ಎಂದರು. ಅರ್ಜಿಯನ್ನು ಮಂಜೂರು ಮಾಡುತ್ತಿದ್ದೇನೆ, ಕಾರ್ಡು ಅಂಚೆಯಲ್ಲಿ ಬರುತ್ತದೆ ಎಂದೂ ಹೇಳಿದರು. ಆ ಮಾತು ಎರಡು ಸಲ ಹೇಳಿದ ಮೇಲೇ ಯೆಶಿ ಎದ್ದದ್ದು.

ಹೊರಗೆ ಬಂದಾಗ ಬಿಸಿಲು ಚೆನ್ನಾಗಿ ಏರಿತ್ತು. ಕಾರಿನ ಬಳಿ ನಿಂತು ಬೆಲೆಟುವಿಗೆ ಫೋನು ಹಚ್ಚಿದರು.

"ಏನಾಯ್ತೇ? ಕೊಟ್ರಾ?" ಬೆಲೆಟು ಮೊದಲ ರಿಂಗಿಗೇ ಫೋನೆತ್ತಿ ಕೇಳಿದಳು.

 ಯೆಶಿ ಫೋನಿಗೆ ಬಾಯಿಟ್ಟು ಒಂದು ಉಸಿರೆಳೆದಳು, ಅಷ್ಟೆ.  ಆ ತುದಿಯಲ್ಲಿ ಬೆಲೆಟು ನಾಲಿಗೆ ಹೊರಳಿಸಿ ಇಲಿಲಿಲಿ ಎಂದು ಹಾಕಿದ ಕೇಕೆಗೆ ಅಡುಗೆಯ ಹೆಂಗಸರೆಲ್ಲ ದನಿಗೂಡಿಸಿದರು. ವೆಂಡೆಲ್ ಫೋನು ತೆಗೆದುಕೊಂಡು ಇಬ್ಬರ ಕಿವಿಯಿಂದಲೂ ದೂರ ಹಿಡಿದ.

"ಊಟಕ್ಕೆ ಬನ್ನಿ, ಕೋಳಿ ಸಾರು ಮಾಡ್ತೀನಿ," ಎಂದಳು ಬೆಲೆಟು ಮೂಗೊರೆಸಿಕೊಳ್ಳುತ್ತ. "ಏಳು ಗಂಟೆಗೆ."

ವೆಂಡೆಲ್ ಇವತ್ತು ಒಂದು ಪಾಠ ಕಲಿತಿದ್ದ. "ಯಾರ ಏಳು, ಎತ್ಯೆ? ನಿಮ್ಮ ಏಳಂದ್ರೆ ಮಧ್ಯಾಹ್ನ ಒಂದು. ನಮ್ಮದಂದ್ರೆ ರಾತ್ರಿ."

ಬೆಲೆಟು ಯೋಚಿಸಿದಳು. ಅವಳು ಹೀಗೆ ಯೋಚಿಸಿದ್ದನ್ನು ಯೆಶಿ ಎಂದೂ ಕೇಳಿರಲಿಲ್ಲ.

"ಇವತ್ತಿಂದ ಎರಡು ಏಳೂ ಅವಳದ್ದೇ ಅಲ್ವೇನೋ," ಎಂದಳು ಕೊನೆಗೆ. "ಯಾವ ಏಳಕ್ಕಾದ್ರೂ ಬನ್ನಿ. ತಟ್ಟೆ ಹಾಕಿರ್ತೀನಿ."

ಆರು ವಾರದಿಂದ ಸರಿಯಾಗಿ ಉಣ್ಣದ ಯೆಶಿಗೆ ಅಲ್ಲೇ ಹೊಟ್ಟೆ ಹಸಿಯಿತು. ಅವರು ಎರಡು ಏಳಕ್ಕೂ ಹೋದರು.