ಬಲಗೆನ್ನೆಯ ಮಚ್ಚೆ

ಸ್ಟುಡಿಯೋದವನು ದೊಡ್ಡದು ಮಾಡಿದ ಫೋಟೊದ ಕಾಗದ ಬಿಚ್ಚಿ ಮೇಜಿನ ಮೇಲೆ ನಿಲ್ಲಿಸಿದ. ತೀರಿಕೊಂಡ ದರ್ಜಿಯ ಹೆಂಡತಿ ನೋಡಿದಳು. ಮತ್ತೆ ನೋಡಿದಳು.

"ಉಲ್ಟಾ ಮಾಡಿದ್ದೀರಿ."

"ಇಲ್ಲಕ್ಕ. ನೀವು ಕೊಟ್ಟಿದ್ದು ಹೇಗಿತ್ತೋ ಹಾಗೇ ಇದೆ."

"ಅವರ ಮಚ್ಚೆ ಈ ಕಡೆ," ಎಂದು ಫೋಟೊದ ಬಲಬದಿಗೆ, ಅವನ ಎಡಗೆನ್ನೆಯ ಮೇಲೆ ಬೆರಳಿಟ್ಟಳು. "ದಿನಾ ನೋಡ್ದೋಳಿಗೆ ಗೊತ್ತಿಲ್ವಾ?"

ಜೊತೆಗೆ ಬಂದಿದ್ದ ಅತ್ತೆ ತನ್ನ ಬಲಗೆನ್ನೆ ಮುಟ್ಟಿಕೊಂಡಳು. "ಇಲ್ಲಿ ಕಣೇ. ನಾನು ಮುದ್ದು ಕೊಡ್ತಿದ್ದ ಜಾಗ. ಫೋಟೊ ಸರಿಯಾಗೇ ಇದೆ."

ಸೊಸೆ ಬೆರಳು ಹಿಂದಕ್ಕೆ ತೆಗೆದುಕೊಂಡಳು. ಅವನು ಹೋಗಿ ಇನ್ನೂ ವರ್ಷ ತುಂಬಿಲ್ಲ. ಆಗಲೇ ಮುಖ ಮರೆತೆನೇ?

ಮನೆಗೆ ಹೋಗಲಿಲ್ಲ. ಫೋಟೊ ಅವಚಿಕೊಂಡು ತಮ್ಮ ಹೊಲಿಗೆ ಅಂಗಡಿಯ ಬೀಗ ತೆಗೆದಳು.

ರಸ್ತೆಗುಂಟ ಉದ್ದಕ್ಕಿದ್ದ ಇಕ್ಕಟ್ಟಿನ ಅಂಗಡಿ. ಮುಂದೆ ಅವನ ಹೊಲಿಗೆ ಯಂತ್ರ, ತುಸು ಓರೆಯಾಗಿ ಹಿಂದೆ ಅವಳದು. ಎರಡರ ಮುಖವೂ ಎದುರುಗೋಡೆಯ ನಿಲುವುಗನ್ನಡಿಯ ಕಡೆಗೇ. ಬೆಳಗಿನಿಂದ ದೀಪ ಹಚ್ಚುವವರೆಗೆ ಅವಳಿಗೆ ಕಾಣುತ್ತಿದ್ದದ್ದು ಅವನ ಬೆನ್ನು, ಕನ್ನಡಿಯಲ್ಲಿ ಅವನ ಮುಖ. ಜಗಳ, ನಗು, ಕಾಜದ ಅಳತೆ, ಎಲ್ಲ ಕನ್ನಡಿಯಲ್ಲೇ ನಡೆಯುತ್ತಿತ್ತು. "ಗಂಡ ಹೆಂಡ್ತಿ ಮುಖ ಕೊಟ್ಟು ಮಾತಾಡೋಕೇನು ಧಾಡಿ?" ಎಂದು ಗಿರಾಕಿಗಳು ಛೇಡಿಸಿದರೆ, ಅವನು ಗುಂಡುಪಿನ್ನು ಕಚ್ಚಿಕೊಂಡೇ, "ನನ್ನ ಬೆನ್ನ ಹಿಂದೆ ಬೈದ್ರೂ ಇವಳು ಎದುರಿಗೇ ಬೈದಂಗೆ," ಎನ್ನುತ್ತಿದ್ದ.

ಅವಳು ತನ್ನ ಸ್ಟೂಲಿನ ಮೇಲೆ ಕೂತು ಫೋಟೊವನ್ನು ಕನ್ನಡಿಗೆ ಹಿಡಿದಳು.

ಮಚ್ಚೆ ಬಲಬದಿಗೆ, ತನ್ನ ಜಾಗಕ್ಕೆ ಬಂತು. ಓರೆನಗು ಆ ಬದಿಗೆ ವಾಲಿತು. ಅವನೇ.

"ಅತ್ತೆ, ಇಲ್ನೋಡಿ. ನಾನು ಮರ್ತಿಲ್ಲ."

ಬಾಗಿಲಲ್ಲಿದ್ದ ಅತ್ತೆ ಒಳಗೆ ಬಂದು ಬಹಳ ಹೊತ್ತು ಕನ್ನಡಿ ನೋಡಿದಳು.

"ಇವನು ನನ್ನ ಮಗನ ಥರ ಇಲ್ವಲ್ಲೇ."

ಸೊಸೆ ಫೋಟೊವನ್ನು ತೊಡೆಯ ಮೇಲಿಳಿಸಿದಳು.

"ಮನೆಗೆ ಬೇಡ ಬಿಡು," ಎಂದಳು ಅತ್ತೆ. "ಇಲ್ಲೇ ಹಾಕು."

ಸೊಸೆಯ ಯಂತ್ರದ ಹಿಂದಿನ ಗೋಡೆಯಲ್ಲಿ, ಹೊಲಿದ ಅಂಗಿಗಳನ್ನು ತೂಗುಹಾಕುತ್ತಿದ್ದ ಮೊಳೆಗೆ ಫೋಟೊ ಹಾಕಿದರು. ಸೊಸೆ ಕೂತು ಸೂಜಿಗೆ ದಾರ ಪೋಣಿಸಿ ತಲೆಯೆತ್ತಿದಳು. ಕನ್ನಡಿಯಲ್ಲಿ ಅವನಿದ್ದ, ಈಗ ಅವಳ ಬೆನ್ನ ಹಿಂದೆ.

ಅತ್ತೆ ಮಗನ ಖಾಲಿ ಸ್ಟೂಲು ಎಳೆದುಕೊಂಡು, ಕನ್ನಡಿಗೆ ಬೆನ್ನು ಹಾಕಿ, ಗೋಡೆಯ ಮೇಲಿನ ಫೋಟೊದ ಕಡೆ ತಿರುಗಿ ಕೂತಳು.