ಮೂರನೆಯ ಕೈ ಹಿಡಿದ ನೀರು

ನಾನು ಒಂದು ಲವಣ. ಅಡುಗೆಮನೆಯ ಉಪ್ಪಲ್ಲ, ನನ್ನನ್ನು ನಾಲಿಗೆಗೆ ಇಟ್ಟವರಿಲ್ಲ. ಧಾರವಾಡದ ಒಂದು ಪ್ರಯೋಗಾಲಯದಲ್ಲಿ ನೀಲಾಂಬಿಕಾ ಎಂಬ ಸಂಶೋಧಕಿ ಅಮೀನ್ ಎಂಬ ರಾಸಾಯನಿಕಕ್ಕೆ ಆಮ್ಲವನ್ನು ಹನಿಹನಿಯಾಗಿ ಬಿಟ್ಟಾಗ ನನ್ನ ಜನ್ಮವಾಯಿತು. ಅಮೀನಿನ ಸಾರಜನಕಕ್ಕೆ ಇದ್ದದ್ದು ಎರಡೇ ಜಲಜನಕ. ಆಮ್ಲ ತನ್ನದೊಂದನ್ನು ಕೊಟ್ಟಿತು. ಅದು ಅಮೋನಿಯಂ ಆಯಿತು, ಜಲಜನಕಕ್ಕೊಂದರಂತೆ ಮೂರು ಕೈಗಳಾದವು. ಎರಡು ಕೈ ಆಮ್ಲದಲ್ಲಿ ಉಳಿದ ಕ್ಲೋರೈಡನ್ನು ಹಿಡಿದವು. ಮೂರನೆಯದು ನೀರಿನ ಒಂದು ಕಣವನ್ನು ಹಿಡಿಯಿತು. ಇದನ್ನು ಜಲಜನಕ ಬಂಧ ಎನ್ನುತ್ತಾರೆ. ಬಂಧವೆಂದರೂ ಬಿಗಿಯಲ್ಲ, ಬೆರಳಿಗೆ ಬೆರಳು ತಾಕಿಸಿ ನಿಂತ ಹಾಗೆ. ಅಂಥ ಲೆಕ್ಕವಿಲ್ಲದ ಕೈಗಳು ಸಾಲುಗಟ್ಟಿ ನಾನು ಹರಳಾದೆ.

ಫ್ಯಾನಿನ ಗಾಳಿ ತಾಗದ ಮೂಲೆಯಲ್ಲಿ ನನ್ನ ಬೀಕರು. ಯಾರಾದರೂ ಬಾಗಿಲನ್ನು ಜೋರಾಗಿ ಹಾಕಿದರೆ ಅವಳು ಮೊದಲು ನನ್ನತ್ತ ತಿರುಗುತ್ತಿದ್ದಳು.

ನನ್ನೊಳಗೆ ನೀರಿದೆ ಎಂದವಳು ಅವಳೊಬ್ಬಳೇ. ನನ್ನ ಒಡಹುಟ್ಟಿದ ಸಣ್ಣ ಹರಳುಗಳನ್ನು ಕೊಳವೆಯಲ್ಲಿ ಕಾಯಿಸಿ, ಗಾಜಿಗೆ ಹತ್ತಿದ ಹನಿಯನ್ನು ಗೈಡ್ ಇಟಗಿ ಸರ್‌ಗೆ ತೋರಿಸಿದಳು.

"ಹೊರಗಿನ ತೇವ ಇದ್ದೀತವಾ. ಮೂರೂ ಕೈ ಕ್ಲೋರೈಡಿಗೇ ಹೋಗಿರ್ತಾವ."

"ಇಲ್ರಿ ಸರ್, ಒಳಗಿಂದೇ ಐತ್ರಿ."

"ಹಂಗಾರ ಎಕ್ಸ್-ರೇ ತೆಗಿಸ್ಕೊಂಡು ಬಾ. ನೀರು ಕಾಣಸ್ತಂದ್ರ ಥೀಸಿಸ್‌ನ್ಯಾಗ ಆ ಅಧ್ಯಾಯ ನಿಂದು."

ಹರಳಿನೊಳಗೆ ಯಾವ ಕಣ ಎಲ್ಲಿದೆ ಎಂದು ತೋರಿಸುವ ಆ ಎಕ್ಸ್-ರೇ ಯಂತ್ರವಿದ್ದುದು ಬೆಂಗಳೂರಿನಲ್ಲಿ. ಹರಳನ್ನು ಅದು ಹುಟ್ಟಿದ ದ್ರಾವಣದಲ್ಲೇ ಮುಳುಗಿಸಿ ಒಯ್ಯುವುದು ರೂಢಿ. ಆದರೆ ಬಿಸಿಲಿನ ದಿನಗಳು. ಬಸ್ಸಿನ ಕಾವಿಗೆ ನಾನು ಆ ದ್ರಾವಣದಲ್ಲೇ ಕರಗಿಬಿಟ್ಟೇನೆಂದು ಅವಳಿಗೆ ಅಂಜಿಕೆ. ನನ್ನನ್ನು ಎತ್ತಿ, ಸೋಸುವ ಕಾಗದದ ಮೇಲೆ ಒರೆಸಿ, ಒಣ ಹತ್ತಿಯಲ್ಲಿಟ್ಟಳು.

"ಹತ್ತ್ಯಾಗ ಸುತ್ತಾಕ ಅದೇನ್ ಮೂಗುತಿ ಏನ?" ಎಂದು ಪಕ್ಕದ ಮೇಜಿನ ಶಮೀಮ್ ಛೇಡಿಸಿದಳು.

"ಕರಗಿ ಹೋತಂದ್ರ ಏನ್ ಮಾಡ್ಲಿ? ಇಷ್ಟ್ ದೊಡ್ಡದು ಇದೊಂದೇ ಬಂದೈತಿ."

ಹಾವೇರಿ ದಾಟುವಾಗಲೇ ಮೂರನೆಯ ಕೈ ಸಡಿಲಾಯಿತು. ಒಣ ಹತ್ತಿ ನನ್ನ ನೀರನ್ನೆಲ್ಲ ಮೆಲ್ಲಗೆ ಕುಡಿಯಿತು. ಡಬ್ಬಿ ಅವಳ ಮಡಿಲಲ್ಲೇ ಇತ್ತು. ಕೂಗಲು ನನಗೆ ಬಾಯಿಲ್ಲ. ಬರಿದಾದ ಕೈಗಳು ತಡಕಾಡಿ, ಸಿಕ್ಕ ಕ್ಲೋರೈಡನ್ನೇ ಹಿಡಿದವು.

ಯಂತ್ರದ ಕೋಣೆಯಲ್ಲಿ ಡಬ್ಬಿ ತೆರೆದಾಗ ನನ್ನ ಅಂಚುಗಳು ಹಾಗೇ ಇದ್ದವು, ಒಳಗೆಲ್ಲ ಸೀಮೆಸುಣ್ಣ. "ಇದು ಹರಳಲ್ಲ ಮೇಡಂ, ಪುಡಿ ಆಗ್ಬಿಟ್ಟಿದೆ," ಎಂದರು ಅಲ್ಲಿಯವರು.

ಮರಳಿ ಬಂದು, ದ್ರಾವಣ ಬೆರೆಸುತ್ತಿದ್ದ ಅದೇ ಹಳೆಯ ಮೇಜಿನ ಮೇಲೆ ಡಬ್ಬಿ ಬಿಚ್ಚಿ ನನ್ನನ್ನು ಬಹಳ ಹೊತ್ತು ನೋಡಿದಳು. ಅವಳ ನಿಟ್ಟುಸಿರಿಗೆ ನನ್ನ ಧೂಳು ಹಾರಿತು. ದ್ರಾವಣಕ್ಕೆ ಬಿದ್ದ ಬೀಜ ಎಂಥದೋ, ಬೆಳೆಯುವ ಹರಳೂ ಅಂಥದೇ; ಒಂದು ಕಣ ಸಾಕು. ಆಮೇಲೆ ಅವಳಿಟ್ಟ ಬೀಕರುಗಳಿಗೆಲ್ಲ ಆ ಕಾಣದ ಧೂಳು ಬಿದ್ದು, ಹುಟ್ಟಿದವೆಲ್ಲ ನೀರಿಲ್ಲದ ಹರಳುಗಳೇ. ಅವುಗಳ ಎಕ್ಸ್-ರೇ ಬಂತು: ಮೂರೂ ಕೈಯಲ್ಲಿ ಕ್ಲೋರೈಡ್. ಇಟಗಿ ಸರ್ ಹಂಗಿಸಲಿಲ್ಲ. "ಇದ್ದದ್ದು ಬರದುಬಿಡವಾ," ಎಂದರು. ಅವಳು ಬರೆದಳು. ನೀರಿನ ಮಾತು ಎಲ್ಲಿಯೂ ಇಲ್ಲ.

ಈಗ ಅವಳ ಕೂದಲಲ್ಲಿ ಬಿಳಿ ಇಣುಕಿದೆ. ನಾನು ಅವಳ ಮೇಜಿನ ಖಾನೆಯಲ್ಲಿ, ಒಂದು ಸೀಸೆಯಲ್ಲಿದ್ದೇನೆ. ಅವಳ ಜತನವೇ ನನ್ನನ್ನು ಒಣಗಿಸಿತು. ಅದು ಅವಳಿಗೂ ಗೊತ್ತು. ಗಾಳಿ ತೇವವಾದ ದಿನಗಳಲ್ಲಿ ನನ್ನನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾಳೆ. ಬೆರಳು ಮುಚ್ಚಳಕ್ಕೆ ಹೋಗುತ್ತದೆ. ತೆರೆದರೆ ಮತ್ತೆ ನೀರನ್ನು ಹಿಡಿದೇನೋ, ಕರಗಿಯೇ ಹೋದೇನೋ, ನನಗೂ ತಿಳಿಯದು. ಕ್ಲೋರೈಡನ್ನು ಹಿಡಿದುಕೊಂಡೇ ನನ್ನ ಮೂರನೆಯ ಕೈ ನೀರಿಗಾಗಿ ಕಾಯುತ್ತದೆ.

ಅವಳು ಮುಚ್ಚಳವನ್ನು ಇನ್ನೊಂದು ಸುತ್ತು ಬಿಗಿಮಾಡಿ, ಖಾನೆಯನ್ನು ಸದ್ದಾಗದಂತೆ ತಳ್ಳುತ್ತಾಳೆ.