ಕ್ರೋಮ್ ಮುಚ್ಚಳ

೧೯೯೭ರ ಬೇಸಿಗೆ. ಬೆಳಗಾವಿ ಕಡೆಯ ಕಾಡಪ್ಪ ಘಾಟಿನ ಬುಡದ ಕಾತ್ರಜದಲ್ಲಿ ಗ್ಯಾರೇಜು ಇಟ್ಟು ಹನ್ನೆರಡು ವರ್ಷವಾಗಿತ್ತು. ಬುಲೆಟ್ ರಿಪೇರಿಗೆ ಅವನೇ ಸೈ ಎಂಬ ಹೆಸರಿತ್ತು. ಧಾರವಾಡದ ಲೀಲಾಕ್ಷಿಗೆ ಅದೇ ಊರಿನ ಇನ್ನೊಂದು ತುದಿಯ ಯೆರವಡಾದಲ್ಲಿ ಕೆಲಸ; ತನ್ನ ಬುಲೆಟ್ಟನ್ನು ಇಡೀ ಊರು ದಾಟಿಸಿ ಇವನಲ್ಲಿಗೇ ತರುತ್ತಿದ್ದಳು.

"ಕಾಡಪ್ಪಣ್ಣ, ಎಂಜಿನ್ ಟಿಕ್ ಟಿಕ್ ಅನ್ನಾಕತ್ತದ. ನಾಳೆ ತಂಗೀನ್ನ ಕೂಡಿಸ್ಕೊಂಡು ಸಾತಾರಾಕ್ಕ ಹೋಗಬೇಕ್ರಿ."

ವಾಲ್ವು ತೆರೆಯುವ ಎರಡು ಪುಶ್‌ರಾಡುಗಳು ಸಡಿಲಾಗಿದ್ದವು. ಎಂಜಿನ್ ತಣ್ಣಗಾದ ಮೇಲೆ, ರಾಡು ಬೆರಳಲ್ಲಿ ಹಗುರಾಗಿ ತಿರುಗುವಷ್ಟೇ ಬಿಗಿ ಮಾಡಬೇಕು. ಎರಡು ತಾಸು ಕಾಯುವ ಕೆಲಸ. ಇನ್ನೂ ಮೂರು ಗಾಡಿ ನಿಂತಿದ್ದವು. ಕಾಡಪ್ಪ ಕಾಯಲಿಲ್ಲ. ಬಿಸಿ ಎಂಜಿನ್ನಿನಲ್ಲೇ, ಸದ್ದು ಅಡಗುವ ತನಕ ಬಿಗಿದ. ಆಮೇಲೆ ರಾಡುಗಳ ಮೇಲೆ ಕೂರಿಸುವ ಎರಡು ಮುಚ್ಚಳ ತೋರಿಸಿದ: ಒಂದು ಸಾದಾ ಅಲ್ಯುಮಿನಿಯಂ, ಒಂದು ಥಳಥಳಿಸುವ ದುಬಾರಿ ಕ್ರೋಮ್.

"ಕ್ರೋಮಿಂದು ಹಾಕಸ್ರಿ ಅಕ್ಕಾ. ದಪ್ಪ ಅದ, ಸದ್ದು ಹೊರಗ ಬರಂಗಿಲ್ಲ."

ಅದು ಸುಳ್ಳು. ಎಣ್ಣೆ ಸೋರದಿದ್ದರೆ ಯಾವ ಮುಚ್ಚಳವಾದರೂ ಒಂದೇ. ಲೀಲಾಕ್ಷಿ ನಂಬಿದಳು.

ಮರುದಿನ ಮಧ್ಯಾಹ್ನ ಬುಲೆಟ್ ಟೆಂಪೋ ಏರಿ ಬಂತು. ಘಾಟಿನ ಏರಿನಲ್ಲಿ ಉಸಿರು ಕಟ್ಟಿ ನಿಂತಿತ್ತಂತೆ. ಅಕ್ಕತಂಗಿಯರ ಮುಖ ಬಿಸಿಲಿಗೆ ಕೆಂಡವಾಗಿತ್ತು.

"ಗ್ಯಾರೇಜ್‌ನವ್ರಽ ಕೆಡಿಸ್ಯಾರ ಅಂತಾಳ ತಂಗಿ ಕುಸುಮ," ಎಂದಳು ಲೀಲಾಕ್ಷಿ. "ಬೈದೆ ನೋಡ್ರಿ. ಕಾಡಪ್ಪಣ್ಣ ಅಂಥವ್ರಲ್ಲ, ನಾನಽ ಜೋರ್ ಓಡ್ಸಿರಬೇಕು ಅಂದೆ."

ಕಾಡಪ್ಪ ಬೋಲ್ಟು ತಿರುಗಿಸುವ ಪಾನಾ ಎತ್ತಿಕೊಂಡ. ಎಂಜಿನ್ನಿನ ಹೆಡ್ ಬಿಚ್ಚಿದ. ಅತಿ ಬಿಗಿಯಿಂದ ಪೂರ್ತಿ ಮುಚ್ಚಿಕೊಳ್ಳಲಾಗದೆ, ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವಿನ ಅಂಚು ಸುಟ್ಟು ಸೀಳಿತ್ತು. 'ಹೌದ್ರಿ, ಜೋರ್ ಓಡ್ಸೀರಿ' ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಕುಸುಮ ಬೈಸಿಕೊಂಡ ಮುಖದಲ್ಲೇ ನಿಂತಿದ್ದಳು. ಅವಳನ್ನು ನೋಡಿ ಅವನಿಗೆ ಅದನ್ನು ಆಡಲಾಗಲಿಲ್ಲ.

"ನಿಮ್ಮ ತಂಗಿ ಖರೇ ಅಂದಾರ್ರಿ," ಎಂದ. ಕಾದು ಕುಳಿತ ಗಿರಾಕಿಗಳೂ ಕೇಳಿಸಿಕೊಂಡರು. "ಬಿಸಿ ಇದ್ದಾಗ ಬಿಗದೆ. ಮುಚ್ಚಳದ ಮಾತೂ ಸುಳ್ಳು."

ಲೀಲಾಕ್ಷಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎಂಜಿನ್ನಿನತ್ತ ಬಾಗಿ ಕೇಳಿದಳು: "ಎಷ್ಟು ಬಿಗಿ ಇರಬೇಕು? ನನಗ ಕಲಸ್ರಿ."

ನಾಲ್ಕು ದಿನದ ನಂತರ, ಹೊಸ ವಾಲ್ವು ಕೂರಿಸಿದ ತಣ್ಣನೆಯ ಎಂಜಿನ್ ಮುಂದೆ ಅವಳು ಕುಕ್ಕರಗಾಲಲ್ಲಿ ಕೂತು, ರಾಡನ್ನು ಎರಡು ಬೆರಳಲ್ಲಿ ತಿರುಗಿಸಿ ನೋಡಿದಳು. ಕಾಡಪ್ಪ ಪಾನಾ ಹಿಡಿದು ಪಕ್ಕದಲ್ಲಿ ನಿಂತಿದ್ದ. ಅವಳು ಬರುವುದನ್ನು ಬಿಡಲಿಲ್ಲ. ಆದರೆ ಮುಂದೆ ಅವನು ಮುಟ್ಟಿದ್ದನ್ನೆಲ್ಲ ತಾನೊಮ್ಮೆ ಮುಟ್ಟಿ ನೋಡದೆ ಗಾಡಿ ಹೊರಡಿಸುತ್ತಿರಲಿಲ್ಲ. ಪ್ರತಿ ಸಲವೂ ಕಾಡಪ್ಪ ನೆಲ ನೋಡುತ್ತ ನಿಲ್ಲುತ್ತಿದ್ದ.